ತಕ್ಕಡಿ ಹೇಳದ ವಯಸ್ಸು

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲುಗಳಿಗೂ ಅಲ್ಲಿಂದ ಈಶಾನ್ಯಕ್ಕೆ ಕೆಲವೇ ಮೈಲಿ ದೂರದಲ್ಲಿ 1971ರಿಂದ ನಡೆದುಬಂದಿರುವ ದೇವನಾರ್ ಕಸಾಯಿಖಾನೆಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲವಾದರೂ, ಹೋಟೆಲುಗಳಿಗೆ ಹಾಲು ಒದಗಿಸುವ ನಗರದ ತಬೇಲಗಳಲ್ಲಿ, ಅಂದರೆ ಎಮ್ಮೆ ಕೊಟ್ಟಿಗೆಗಳಲ್ಲಿ, ಹಾಲು ಕರೆಯುವ ಎಮ್ಮೆಯ ಜಾತಿಯೇ ನಗರದ ಮಾಂಸದ ಲೆಕ್ಕಕ್ಕೂ ಸೇರುತ್ತದೆ. ಮಹಾರಾಷ್ಟ್ರದ 1976ರ ಪ್ರಾಣಿ ಸಂರಕ್ಷಣಾ ಕಾಯಿದೆಗೆ ಮಾಡಿದ ತಿದ್ದುಪಡಿ 2015ರಲ್ಲಿ ಜಾರಿಗೆ ಬಂದು, ಹಸುವಿನ ಜೊತೆಗೆ ಎತ್ತು, ಹೋರಿಗಳ ವಧೆಯೂ ನಿಷಿದ್ಧವಾದ ಮೇಲೆ, ಅಲ್ಲಿ ದೊಡ್ಡ ಜಾನುವಾರಿನ ಮಾಂಸವೆಂದರೆ ಎಮ್ಮೆ, ಕೋಣಗಳದು ಮಾತ್ರ.

ಆ ಮಾಂಸ ಎಷ್ಟು ಸಿಗುತ್ತದೆಂಬ ಲೆಕ್ಕದಲ್ಲಿ, ತೊಗಲು, ತಲೆ, ಗೊರಸುಗಾಲು, ಒಳಾಂಗಗಳನ್ನು ತೆಗೆದ ಮೇಲೆ ಉಳಿಯುವ ಒಡಲಿಗೆ ಕಳೇಬರವೆಂದೂ, ಜೀವಂತ ತೂಕದಲ್ಲಿ ಅದರ ಪಾಲಿಗೆ ಇಳುವರಿಯೆಂದೂ ಹೆಸರು. ಮಾಂಸಕ್ಕೆಂದೇ ಬೆಳೆಸಿದ ವಿದೇಶಿ ದನದ ತಳಿಗಳಲ್ಲಿ ಇದು ಶೇಕಡಾ 60ರ ಸುಮಾರಿಗೆ ಏರಿದರೆ, ದಪ್ಪ ತೊಗಲು, ಭಾರದ ತಲೆ, ದೊಡ್ಡ ಹೊಟ್ಟೆಯ ಎಮ್ಮೆಯಲ್ಲಿ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕರುವಿನ ದೇಹದಲ್ಲಿ ಮೂಳೆ ಮೊದಲು ಬಲಿಯುತ್ತದೆ, ಸ್ನಾಯು ಅದರ ಬೆನ್ನಿಗೆ ಬರುತ್ತದೆ, ಕೊಬ್ಬು ಕೊನೆಯದು. ಆದ್ದರಿಂದ ತೂಕ ಏರಿದಂತೆಲ್ಲ ಕಳೇಬರದಲ್ಲಿ ಮೂಳೆಯ ಪಾಲು ಕುಗ್ಗುತ್ತದೆ, ಕೊಬ್ಬು ಕೂಡಿ ಇಳುವರಿಯೂ ಹೆಚ್ಚುತ್ತದೆ. ಕೊಬ್ಬಿನೊಳಗೂ ಒಂದು ಸರದಿಯಿದ್ದು, ಮೂತ್ರಪಿಂಡದ ಸುತ್ತಲಿನದು ಮುಂಚೆ ತುಂಬಿದರೆ, ಮಾಂಸಕ್ಕೆ ರಸ ಕೊಡುವ ಎಳೆಗಳ ನಡುವಿನ ಕೊಬ್ಬು ಎಲ್ಲಕ್ಕಿಂತ ತಡವಾಗಿ ಕೂಡುತ್ತದೆ. ಎಮ್ಮೆಯಲ್ಲಿ ಈ ಕೊನೆಯದು ಬಹಳ ಕಡಿಮೆ. (ಎಮ್ಮೆಯ ಕೊಬ್ಬು ಹಳದಿಯಾಗದೆ ಬೆಳ್ಳಗಿರುವುದಕ್ಕೂ ಅದರ ಬೆಣ್ಣೆಯ ಬಿಳುಪಿಗೂ ಕಾರಣ ಒಂದೇ: ಮೇವಿನ ಕ್ಯಾರೊಟಿನ್ ಅದರ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ.)

ಹಾಗಿದ್ದರೆ ಹೆಚ್ಚು ತೂಕವೇ ಒಳ್ಳೆಯದೆಂದು ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ 300 ಕಿಲೋ ತೂಗುವ ಎರಡು ಪ್ರಾಣಿಗಳಲ್ಲಿ ಒಂದು ಚೆನ್ನಾಗಿ ತಿಂದ ಎರಡು ವರ್ಷದ ಕೋಣವೂ ಇನ್ನೊಂದು ಹಲವು ವರ್ಷ ಕರೆಸಿಕೊಂಡು ಸೊರಗಿದ ಗೊಡ್ಡೆಮ್ಮೆಯೂ ಆಗಿರಬಹುದು. ಸ್ನಾಯುವನ್ನು ಕಟ್ಟಿಹಿಡಿಯುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ವಯಸ್ಸಾದಂತೆ ಪರಸ್ಪರ ಹೊಸೆದುಕೊಂಡು, ಎಷ್ಟು ಬೇಯಿಸಿದರೂ ಸುಲಭವಾಗಿ ಕರಗದಷ್ಟು ಗಟ್ಟಿಯಾಗುತ್ತವೆ. ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ವರ್ಣಕವೂ ಹೆಚ್ಚಿ ಮಾಂಸ ಕಪ್ಪಡರುತ್ತದೆ. ತಕ್ಕಡಿಗೆ ಇವೆರಡೂ ಕಾಣುವುದಿಲ್ಲ. ಕೊಳ್ಳುವವರು ಪ್ರಾಣಿಯ ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಅಳೆಯುವುದು ಇದಕ್ಕಾಗಿಯೇ.

ತೀರ ಹಗುರವಾದ ಪ್ರಾಣಿಗೂ ಅದರದೇ ಕೇಡುಂಟು. ಕೊಬ್ಬಿನ ಹೊದಿಕೆಯಿಲ್ಲದ ತೆಳು ಕಳೇಬರವನ್ನು ಶೀತಲಗೃಹಕ್ಕೆ ಬೇಗ ಸೇರಿಸಿದರೆ, ಸ್ನಾಯು ಸೆಟೆಯುವ ಮೊದಲೇ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು, ಎಳೆಗಳು ಮುದುಡಿ, ಎಳೆಯ ಪ್ರಾಣಿಯ ಮಾಂಸವೂ ನಾರಾಗುತ್ತದೆ.

ಹೀಗಾಗಿ ಬೇಕಾದದ್ದು ಕಡಿಮೆ ವಯಸ್ಸಿನಲ್ಲಿ ಗಳಿಸಿದ ತೂಕ. ಹಾಲಿನ ವ್ಯಾಪಾರ ಅದಕ್ಕೆ ಅಡ್ಡಬರುತ್ತದೆ: ತಾಯಿಯ ಹಾಲಿಗೆ ಮಾರುಕಟ್ಟೆಯಲ್ಲಿ ಬೆಲೆಯಿರುವಾಗ ಗಂಡು ಕರುವಿಗೆ ಕುಡಿಸುವುದು ನಷ್ಟವೆಂದು ತಬೇಲದವರು ಎಣಿಸುವುದರಿಂದ, ಬೆಳೆದಿದ್ದರೆ ಮೃದು ಮಾಂಸ ಕೊಡಬಹುದಾಗಿದ್ದ ಕರುಗಳಲ್ಲಿ ಎಷ್ಟೋ ಎಳವೆಯಲ್ಲೇ ಸಾಯುತ್ತವೆ, ದೇಶದ ಎಮ್ಮೆ ಮಾಂಸದ ದೊಡ್ಡ ಪಾಲು ಹಾಲು ಬತ್ತಿದ ಮುದಿ ಎಮ್ಮೆಗಳಿಂದಲೇ ಬರುತ್ತದೆ.