ನಿಮಗಿದು ಗೊತ್ತೇ? ಕ್ಷೌರದ ಕತ್ತಿಯ ಕೌಶಲ

ರಾಜಾಜಿನಗರದ ಹಳೆಯ ಸೆಲೂನಿನ ಕನ್ನಡಿ ಮುಂದೆ, ಬಸವೇಶ್ವರನಗರದ ತಾತಂದಿರ ಬಚ್ಚಲುಮನೆಯ ಗೂಡಿನಲ್ಲಿ ಕ್ಷೌರದ ಕತ್ತಿ, ರೇಜರ್ ಇನ್ನೂ ಕಾಣಸಿಗುತ್ತವೆ. ಅವುಗಳ ಒಂದೊಂದು ಬಾಗಿಗೂ ಒಂದೊಂದು ಕಾರಣವಿದೆ.

● ‘ಕ್ಷೌರ’ ಎಂಬ ಪದ ಹುಟ್ಟಿದ್ದೇ ಕತ್ತಿಯಿಂದ. ಸಂಸ್ಕೃತದಲ್ಲಿ ‘ಕ್ಷುರ’ ಎಂದರೆ ಕ್ಷೌರದ ಕತ್ತಿ. ನಮ್ಮ ಹಿರಿಯರು ಈ ಕೆಲಸವನ್ನು ‘ಆಯುಷ್ಕರ್ಮ’ ಎಂದು ಗೌರವದಿಂದ ಕರೆದರು.

● ನಮ್ಮ ವಿಜಯನಗರ, ಹಂಪಿನಗರ ಬಡಾವಣೆಗಳ ಹೆಸರು ಕೇಳಿದರೆ ನೆನಪಾಗುವ ಆ ಸಾಮ್ರಾಜ್ಯದಲ್ಲಿ, 16ನೇ ಶತಮಾನದಲ್ಲಿ, ಕೊಂಡೋಜ ಎಂಬ ಕ್ಷೌರಿಕನ ಕೈಚಳಕಕ್ಕೆ ಅಳಿಯ ರಾಮರಾಯ ಮೆಚ್ಚಿದ. ಅದರಿಂದ ಕ್ಷೌರಿಕರಿಗೆ ತೆರಿಗೆ ಮಾಫಿಯಾಯಿತು. ಬಾದಾಮಿಯ ಶಾಸನ ಇದಕ್ಕೆ ಸಾಕ್ಷಿ.

● ಮಡಚುವ ಕತ್ತಿಯ ಬೆನ್ನು ದಪ್ಪಗಿರುವುದೇಕೆ? ಸಾಣೆಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಆಗ ಕೋನ ಅಳೆಯುವ ಗೋಜೇ ಇಲ್ಲ. ಕತ್ತಿಯ ಆಕಾರದಲ್ಲೇ ಅಳತೆ ಅಡಗಿದೆ.

● ಚರ್ಮದ ಪಟ್ಟಿಗೆ ತೀಡುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಕೂದಲಿಗೆ ತಾಗಿ ಬಾಗಿದ ಅಂಚು ಹೀಗೆ ನೇರವಾಗುತ್ತದೆ. ಬಾಯಿ ಮುಂದಾದರೆ ಪಟ್ಟಿಯೇ ಹರಿದೀತು!

● ಎರಡು ಬಾಯಿಯ ಬ್ಲೇಡು ಹಾಕುವ ರೇಜರಿಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರ ನವೆಂಬರ್ 15ರಂದು ಪೇಟೆಂಟ್ ಪಡೆದರು. 1903ರಲ್ಲಿ ಮಾರಾಟವಾಗಿದ್ದು ಬರೀ 51 ರೇಜರ್. ಮರುವರ್ಷ 90,000ಕ್ಕೂ ಹೆಚ್ಚು!

● ಆ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಅಷ್ಟು ತೆಳುವಾದದ್ದು ಬಳುಕುವುದಿಲ್ಲವೇ? ರೇಜರಿನ ಹಿಡಿ ತಿರುಗಿಸಿ ಬಿಗಿ ಮಾಡುವಾಗ ಗಮನಿಸಿ: ಮೇಲಿನ ಮುಚ್ಚಳ ಬ್ಲೇಡನ್ನು ಕಮಾನಿನಂತೆ ಬಗ್ಗಿಸುತ್ತದೆ. ನೇರವಾಗಿ ಹಿಡಿದ ಕಾಗದ ಜೋತುಬೀಳುತ್ತದೆ, ಉದ್ದಕ್ಕೆ ಬಗ್ಗಿಸಿದರೆ ಸೆಟೆದು ನಿಲ್ಲುತ್ತದೆ. ಇಲ್ಲಿಯೂ ಅದೇ ಗುಟ್ಟು.

● ಸೆಲೂನಿನಲ್ಲಿ ಹೊಸ ಬ್ಲೇಡನ್ನು ಕಾಗದದ ಸಮೇತ ‘ಟಕ್’ ಎಂದು ಉದ್ದಕ್ಕೆ ಎರಡು ತುಂಡು ಮಾಡಿ, ಅರ್ಧವನ್ನು ಕತ್ತಿಗೆ ಸಿಕ್ಕಿಸುತ್ತಾರೆ. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ. ರಕ್ತದಿಂದ ಹರಡುವ ರೋಗಗಳಿಗೆ ಇದು ತಡೆ.

● ಕೊನೆಗೆ ಕೆನ್ನೆಗೆ ಉಜ್ಜುವ ಪಟಿಕ ಚರ್ಮವನ್ನು ಬಿಗಿಗೊಳಿಸಿ, ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ.

ತಾತನ ರೇಜರನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ, ತೊಳೆದು, ಒರೆಸಿ ನೋಡಿ. ಇಂದು ಅಂಗಡಿಯಲ್ಲಿ ಸಿಗುವ ಬ್ಲೇಡೇ ಅದಕ್ಕೂ ಹೊಂದುತ್ತದೆ.