ಬೀದರದ ಕೋಟೆಯೂ ಬಿದರಿಯ ಕೆಲಸವೂ

ಬಿದರಿ ಎಂಬ ಲೋಹಶಿಲ್ಪವು ಬೀದರ ನಗರದ ಹೆಸರನ್ನೇ ಧರಿಸಿರುವುದು ಸರ್ವವಿದಿತವಾಗಿದೆ. ಆದರೆ ಸಂಬಂಧವು ಹೆಸರಿನಲ್ಲಿಯೇ ಮುಗಿಯಿತೆಂದು ಭಾವಿಸುವುದು ಯುಕ್ತವಲ್ಲ. ಆ ಕೆಲಸದ ಕ್ರಮವನ್ನು ಪರಿಶೀಲಿಸಿದಲ್ಲಿ, ಕೋಟೆಯೂ ಅದರ ಕಾರಣಸಾಮಗ್ರಿಯಲ್ಲಿ ಸೇರಿರುವುದು ಸ್ಪಷ್ಟವಾಗುವುದು.

ಬಹಮನಿ ಅರಸನಾದ ಅಹಮದ್ ಶಾಹನು (ಕ್ರಿ. ಶ. 1422–1436) ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಕೋಟೆಗೆ ಕಂದಕವನ್ನು ತೋಡಿದರು. ಕೋಟೆಯ ತೆಂಕಣಕ್ಕೆ ಪ್ರಾಕಾರವುಳ್ಳ ಪೇಟೆಯೂ ಅದರ ನಡುವೆ ಚೌಬಾರವೆಂಬ ದುಂಡನೆಯ ಗೋಪುರವೂ ಇವೆ. ಕೋಟೆಯೊಳಗಿನ ರಂಗೀನ್ ಮಹಲನ್ನು ಅಲಿ ಬರೀದ್ ಶಾಹನು (1542–1580) ನವೀಕರಿಸಿದನು. ಅಲ್ಲಿ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸವಿದೆ. ಕರಿಯ ನೆಲದ ಮೇಲೆ ಬಿಳಿಯ ಬಳ್ಳಿಯನ್ನು ಬೆಳಗಿಸುವ ಈ ರುಚಿಯೇ ಬಿದರಿಯಲ್ಲಿಯೂ ಕಾಣುವುದು.

ಬಿದರಿಯ ಪಾತ್ರೆಗೆ ಸತುವೇ ಪ್ರಧಾನ ಲೋಹ, ತಾಮ್ರವು ಅತ್ಯಲ್ಪ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರನ್ನು ಬಳಿಯುವರು. ಈ ಮೊದಲ ಕಪ್ಪು ತಾತ್ಕಾಲಿಕವಾದುದು. ಕೊರೆದ ಗೆರೆಯು ಬಿಳಿದಾಗಿ ತೋರಲೆಂಬುದೇ ಅದರ ಪ್ರಯೋಜನ. ಬಳಿಕ ಉಳಿಯಿಂದ ಚಿತ್ತಾರವನ್ನು ಕೆತ್ತಿ, ಆ ತೋಡುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಮತ್ತೆ ಉಜ್ಜುವರು. ಆಗ ಮೊದಲ ಕಪ್ಪು ಅಳಿದುಹೋಗಿ, ಬೆಳ್ಳಿಗೂ ಲೋಹಕ್ಕೂ ಭೇದವೇ ತೋರದಂತಾಗುವುದು.

ಎರಡನೆಯದೇ ನಿಜವಾದ ಕಪ್ಪು. ಅದಕ್ಕೆ ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಹುಕಾಲ ಬಿಸಿಲು ಮಳೆಗಳು ತಾಗದ ಮಣ್ಣು ಬೇಕು. ಕುಶಲಿಗಳು ಅದನ್ನು ನಾಲಗೆಯಿಂದಲೇ ಪರೀಕ್ಷಿಸುವರು. ಪೆಟ್ಲುಪ್ಪಿನಂತಹ ಲವಣಗಳಿಂದ ಅದಕ್ಕೆ ಆ ಗುಣವು ಬಂದಿತೆನ್ನುವರು. ಅದನ್ನು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ ಪಾತ್ರೆಗೆ ಹಚ್ಚಲು, ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಯು ಮಾತ್ರ ಬೆಳ್ಳಗೇ ಉಳಿಯುವುದು. ತಾಮ್ರದ ಅಂಶವಿಲ್ಲದ ಬರಿಯ ಸತುವಿಗೆ ಈ ಬಣ್ಣವು ಬಾರದು.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಘಟಕ್ಕೆ ಮಣ್ಣು ಉಪಾದಾನವಾಗಿರುವಂತೆ ಇಲ್ಲಿ ಆಗದು. ಪಾತ್ರೆಯನ್ನು ತೊಳೆದೊಡನೆ ಮಣ್ಣು ಹೊರಟುಹೋಗುವುದು. ಲೋಹವು ಉಪಾದಾನ, ಶಿಲ್ಪಿಯು ನಿಮಿತ್ತ, ಮಣ್ಣು ಸಹಕಾರಿ. ಆದರೆ ಸಹಕಾರಿಯಿಲ್ಲದೆ ಕಾರ್ಯವು ಹುಟ್ಟದು.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅದರಿಂದ ಹೆಸರಿಗೆ ರಕ್ಷಣೆಯಾಯಿತೇ ಹೊರತು ಮಣ್ಣಿಗಲ್ಲ. ಶತಮಾನಗಳ ನೆರಳಿನಲ್ಲಿ ಪಕ್ವವಾದ ಮಣ್ಣು ತೆಗೆದಷ್ಟೂ ತುಂಬುವಂತಹದಲ್ಲ. ಮಾಡು ಕುಸಿದು ಮಳೆ ಹೊಕ್ಕರೆ ಅದರ ಲವಣವೂ ಕರಗಿಹೋಗುವುದು. ಆದಕಾರಣ ಕೋಟೆಯ ಜೀರ್ಣೋದ್ಧಾರವನ್ನೂ ಬಿದರಿಯ ಪೋಷಣೆಯನ್ನೂ ಎರಡು ಕಾರ್ಯಗಳೆಂದು ಬೇರ್ಪಡಿಸಿ ಎಣಿಸುವುದು ಉಚಿತವಲ್ಲ.