ನಿಮಗಿದು ಗೊತ್ತೆ? ಓಡಿ ಗೂಟ ನೆಟ್ಟವನಿಗೇ ಹೊಲ!

1889ರ ಏಪ್ರಿಲ್ 22, ಮಟಮಟ ಮಧ್ಯಾಹ್ನ 12 ಗಂಟೆ. ಅಮೆರಿಕದ ಒಕ್ಲಹೋಮಾದಲ್ಲಿ ಸೂಚನೆ ಸಿಕ್ಕಿದ್ದೇ ತಡ, ಗಡಿಯಲ್ಲಿ ಕಾದು ನಿಂತಿದ್ದ ಸುಮಾರು 50,000 ಮಂದಿ ಕುದುರೆ, ಗಾಡಿ ಹತ್ತಿ ದೌಡಾಯಿಸಿದರು. ಸರ್ಕಾರ ತೆರೆದಿಟ್ಟಿದ್ದು ಸುಮಾರು 20 ಲಕ್ಷ ಎಕರೆ. ಮೊದಲು ಗೂಟ ನೆಟ್ಟು, ಅಲ್ಲೇ ಐದು ವರ್ಷ ಉಳಿದು ಸಾಗುವಳಿ ಮಾಡಿದವರಿಗೆ 160 ಎಕರೆ! ಬೆಳಿಗ್ಗೆ ರೈಲು ನಿಲ್ದಾಣ, ಭೂ ಕಚೇರಿ ಬಿಟ್ಟರೆ ಹೆಚ್ಚೇನೂ ಇಲ್ಲದಿದ್ದ ಗಥ್ರಿಯಲ್ಲಿ ಸಂಜೆಗೆ ಸಾವಿರಾರು ಜನರ ಡೇರೆಗಳು. ಮೋಸಕ್ಕೇನೂ ಬರವಿರಲಿಲ್ಲ ಬಿಡಿ: ಮೊದಲೇ ನುಸುಳಿ ಪೊದೆಗಳಲ್ಲಿ ಅಡಗಿ ಕೂತವರನ್ನು ಜನ ‘ಸೂನರ್’ (ಹೊತ್ತಿಗೆ ಮುಂಚೆ ಬಂದವರು) ಎಂದು ಬೈದರು. ಅಷ್ಟಕ್ಕೂ ಆ ನೆಲವೇ ಕ್ರೀಕ್, ಸೆಮಿನೋಲ್ ಮೂಲನಿವಾಸಿಗಳ ಕೈತಪ್ಪಿಸಿದ್ದು. ಬೈಗುಳ ಮಾತ್ರ ಬಿರುದಾಯಿತು. ಒಕ್ಲಹೋಮಾಕ್ಕೆ ಈಗಲೂ ‘ಸೂನರ್ ರಾಜ್ಯ’ ಎಂದೇ ಅಡ್ಡಹೆಸರು.